ಲಿವರಿಗೆ ಎರಡು ಕೋಟ್ ಪ್ರೈಮರ್

ನನ್ನ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ, ದೂರು ಹೇಳುತ್ತಿದ್ದೇನೆ. ಅಂಥ ಕಾರಿನಲ್ಲಿ ಕಲಿಸುವವರ ಕಾಲಿನ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಎಷ್ಟೇ ಹುಮ್ಮಸ್ಸಿನಿಂದ ಗಾಡಿ ನುಗ್ಗಿಸಲಿ, ಪಕ್ಕದಲ್ಲಿ ಕೂತ ಈಕೆ ಕಿಟಕಿಯಾಚೆ ನೋಡುತ್ತಲೇ, ಮುಖದ ಒಂದು ಗೆರೆಯೂ ಅಲುಗದಂತೆ, ಕಾಲಲ್ಲಿ ಒಂದು ಒತ್ತು ಒತ್ತುತ್ತಾಳೆ. ಗಾಡಿ ಗಕ್ಕೆಂದು ನಿಲ್ಲುತ್ತದೆ. ಈ ವಿದ್ಯೆಯನ್ನು ಆಕೆ ಮನೆಗೂ ತಂದಿದ್ದಾಳೆ. ನಾನು ಎರಡನೇ ಸಲ ಬೆಣ್ಣೆಯ ಡಬ್ಬಿಗೆ ಕೈ ಚಾಚಿದೆನೋ, ಊಟದ ಮೇಜಿನ ಕೆಳಗೆ ನನ್ನ ಹೆಬ್ಬೆರಳಿನ ಮೇಲೆ ಬ್ರೇಕ್ ಬೀಳುತ್ತದೆ. ನೆಂಟರೆದುರು ನಾನೊಂದು ಹಾಸ್ಯ ಹೇಳಲು ಗಂಟಲು ಸರಿಮಾಡಿಕೊಂಡರೂ ಅಷ್ಟೇ. (ನನ್ನ ಬಲಗಾಲಿನ ಹೆಬ್ಬೆರಳು ಎಡಗಾಲಿನದಕ್ಕಿಂತ ಚಪ್ಪಟೆಯಾಗಿದೆ. ಅನುಮಾನವಿದ್ದವರು ಬಂದು ನೋಡಬಹುದು.)

ನನ್ನ ಕಸುಬು ತುಕ್ಕು. ಅಂದರೆ ತುಕ್ಕಿನ ವಿರುದ್ಧ ಸಮರ. ಗೇಟು, ಗ್ರಿಲ್ಲು, ಮೆಟ್ಟಿಲಿನ ಕಂಬಿ, ನೀರಿನ ಟ್ಯಾಂಕಿನ ಕಾಲು, ಹೀಗೆ ಕಬ್ಬಿಣದ್ದು ಏನೇ ಇರಲಿ, ನಮ್ಮ ಶೆಡ್ಡಿನಲ್ಲೋ ಅದಿರುವಲ್ಲಿಗೇ ಹೋಗಿಯೋ ತುಕ್ಕು ಕೆರೆದು, ಉಪ್ಪುಕಾಗದ ಉಜ್ಜಿ, ಪ್ರೈಮರ್ ಎಂಬ ಅಡಿಬಣ್ಣ ಬಳಿದು, ಮೇಲೆ ಬಣ್ಣ ಹೊಡೆದು ಕೊಡುತ್ತೇವೆ. ಈ ವಿಷಯದಲ್ಲಿ ನನಗೆ ಸರಿಸಾಟಿ ಇಲ್ಲವೆಂದು ನನ್ನ ದೃಢವಾದ ನಂಬಿಕೆ. ಮುಂದಿನ ಅನಾಹುತಕ್ಕೆಲ್ಲ ಈ ನಂಬಿಕೆಯೇ ಕಾರಣ.

ಬಣ್ಣದ ವ್ಯಾಪಾರಿಗಳೆಲ್ಲ ಸೇರಿ ನಮ್ಮಂಥ ಕಸುಬಿನವರಿಗೆ ಒಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆ ಏರ್ಪಡಿಸಿದರು. ಪುಕ್ಕಟೆ ಎಂದಮೇಲೆ ಸಾಲಿನಲ್ಲಿ ಮೊದಲು ನಿಂತವನು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ. ಕಾಯಿಲೆಯೂ ಪುಕ್ಕಟೆಯಾಗಿ ಸಿಕ್ಕಿತು. ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಎಂದಿತ್ತು. ಲಿವರಿಗೆ ಯಕೃತ್ತು ಎಂಬ ಘನವಾದ ಹೆಸರಿದೆ. ಅಷ್ಟು ಘನವಾದ ಹೆಸರು ಹೊತ್ತವರ ಮೈಮೇಲೆ ಸ್ವಲ್ಪ ಕೊಬ್ಬಿದ್ದರೆ ತಪ್ಪೇನು ಎಂದು ನಾನು ಮನೆಯಲ್ಲಿ ಹಾಸ್ಯ ಮಾಡಿದೆ. ಹೆಂಡತಿ ನಗಲಿಲ್ಲ, ಬ್ರೇಕನ್ನೂ ಒತ್ತಲಿಲ್ಲ. ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು.

ಅದಕ್ಕೆ ಕಾರಣವಿತ್ತು. ನನ್ನ ಮಾವ, ಅಂದರೆ ಅವಳ ಅಪ್ಪ, ಲಿವರ್ ಕ್ಯಾನ್ಸರಿನಿಂದ ತೀರಿಕೊಂಡವರು. ಒಂದು ಹನಿ ಮದ್ಯ ಮುಟ್ಟಿದವರಲ್ಲ. ಅವರದೂ ಇದೇ ಹೆಸರಿನಿಂದ ಶುರುವಾಗಿತ್ತಂತೆ. ‘ಈ ವಯಸ್ಸಿಗೆ ಎಲ್ಲರಿಗೂ ಇರತ್ತೆ ಬಿಡು’ ಎಂದು ಅವರೂ ನಕ್ಕಿದ್ದರಂತೆ. ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅವರ ಕಣ್ಣು ಹಳದಿಯಾಗಿದ್ದನ್ನು ಮೊದಲು ನೋಡಿದವಳು ಇವಳೇ. ಇಷ್ಟೆಲ್ಲ ಗೊತ್ತಿದ್ದೂ ನಾನು ಹಾಸ್ಯ ಮಾಡಿದೆನೆಂದರೆ ನನ್ನ ಬುದ್ಧಿಯ ಮಟ್ಟ ನಿಮಗೆ ತಿಳಿಯಿತಲ್ಲ.

“ನಾಳೆಯಿಂದ ಬೆಳಿಗ್ಗೆ ವಾಕಿಂಗು. ಪಾರ್ಕಿನ ಸುತ್ತ, ಬೆವರು ಬರೋವರೆಗೆ,” ಎಂದಳು.

“ದಿನಾ ಏಣಿ ಹತ್ತಿ ಇಳಿಯೋ ಕೆಲಸ ಕಣೇ ನಂದು. ಅದಕ್ಕಿಂತ ವಾಕಿಂಗು ಬೇಕಾ?”

“ಏಣಿ ಹತ್ತೋರು ನಿಮ್ಮ ಕೆಲಸದವರು. ನೀವು ಕೆಳಗೆ ಕುರ್ಚಿ ಹಾಕ್ಕೊಂಡು ಏಣಿ ಹಿಡ್ಕೊಂಡಿರ್ತೀರಿ.”

“ಕೂತ್ಕೊಂಡು ಏಣಿ ಹಿಡಿಯೋದು ಎಷ್ಟು ಕಷ್ಟ ಅಂತ ನಿನಗೇನು ಗೊತ್ತು?”

“ಕರಿದದ್ದು ಬಂದ್, ಸಿಹಿ ಬಂದ್. ಆ ಬೇಕರಿ ಕ್ರೀಮ್ ಬನ್ ಇದೆಯಲ್ಲ, ಇನ್ನು ಆ ಕಡೆ ತಲೆ ಹಾಕಿ ಮಲಗೋದೂ ಬೇಡ.”

ಮರುದಿನದಿಂದ ನನ್ನ ತಟ್ಟೆಯಲ್ಲಿ ಬೇಯಿಸಿದ ತರಕಾರಿಗಳು ಬಂದು ಕೂತವು. ಉಪ್ಪು, ಖಾರ, ಎಣ್ಣೆ ಯಾವುದರ ಸಹವಾಸವೂ ಇಲ್ಲದ ಪರಮ ವಿರಕ್ತ ತರಕಾರಿಗಳು. ನಾನು ಅವುಗಳ ಮುಖ ನೋಡುತ್ತಿದ್ದೆ, ಅವು ನನ್ನ ಮುಖ ನೋಡುತ್ತಿದ್ದವು. ಇಬ್ಬರಿಗೂ ಈ ಸಂಬಂಧ ಒಪ್ಪಿಗೆಯಿರಲಿಲ್ಲ.

ಇಂಥ ಹೊತ್ತಿನಲ್ಲಿ ಆಪದ್ಬಾಂಧವನಂತೆ ಬಂದವನು ನನ್ನ ಷಡ್ಡಕ. ನನ್ನ ಹೆಂಡತಿಯ ಅಕ್ಕನ ಗಂಡ. ಒಂದೇ ಮನೆಯ ಅಳಿಯಂದಿರಾದ್ದರಿಂದ ಒಬ್ಬರ ಸಂಕಟ ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆತ ಕೆಲಸದಿಂದ ನಿವೃತ್ತನಾದ ಮೇಲೆ ಆರೋಗ್ಯದ ಮಾತ್ರೆಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ನೆಂಟರಿಷ್ಟರ ಮನೆ ಸುತ್ತುತ್ತಾನೆ. ಅವನ ಕಾರು ತಿರುವಿನಲ್ಲಿ ಕಂಡರೆ ನಮ್ಮ ಬಳಗದವರು ಬಾಗಿಲು ಹಾಕಿಕೊಳ್ಳುವುದುಂಟು. ಆ ದಿನ ಶೆಡ್ಡಿನ ಬಾಗಿಲು ಬಣ್ಣ ಒಣಗಲೆಂದು ತೆರೆದಿತ್ತು.

“ಏನಪ್ಪಾ, ಲಿವರಂತೆ?” ಎಂದ.

“ಹೌದಂತೆ.”

“ನಮ್ಮ ಮೈಯೊಳಗೆ ಸದಾ ಆಕ್ಸಿಡೇಶನ್ ಅಂತ ಒಂದು ನಡೀತಿರತ್ತೆ. ಆಮ್ಲಜನಕ ತಾಗಿ ತಾಗಿ ಜೀವಕೋಶ ಹಾಳಾಗ್ತವೆ. ಕಬ್ಬಿಣಕ್ಕೆ ಗಾಳಿ ತಾಗಿದ್ರೆ ಏನಾಗತ್ತೆ? ನೀನೇ ಹೇಳು.”

“ತುಕ್ಕು ಹಿಡಿಯತ್ತೆ.”

“ಅಷ್ಟೇ. ನಿನ್ನ ಲಿವರ್ ತುಕ್ಕು ಹಿಡೀತಿದೆ,” ಎಂದು ಷಡ್ಡಕ ಡಿಕ್ಕಿ ತೆರೆದ. “ಇವೆಲ್ಲ ಆಂಟಿ ಆಕ್ಸಿಡೆಂಟು. ತುಕ್ಕು ತಡೆಯೋ ಮಾತ್ರೆ.”

ಆ ಕ್ಷಣ ನನಗಾದದ್ದನ್ನು ಸಾಕ್ಷಾತ್ಕಾರ ಎನ್ನದೆ ಬೇರೆ ಮಾತಿಲ್ಲ. ಇಷ್ಟು ದಿನ ವೈದ್ಯವಿಜ್ಞಾನ ನನಗೆ ಸಂಬಂಧಿಸಿದ್ದಲ್ಲವೆಂದು ದೂರ ಇದ್ದೆ. ಈಗ ನೋಡಿದರೆ ಅದು ನನ್ನ ಕಸುಬೇ ಆಗಿತ್ತು. ಗೇಟಿಗೆ ರೆಡ್ ಆಕ್ಸೈಡು ಪ್ರೈಮರ್, ಲಿವರಿಗೆ ಆಂಟಿ ಆಕ್ಸಿಡೆಂಟು. ಇದಕ್ಕೆ ಹೋಗಿ ಪಾರ್ಕು ಸುತ್ತಬೇಕೇ? ಯಾವ ಗೇಟಾದರೂ ವಾಕಿಂಗ್ ಮಾಡಿ ತುಕ್ಕು ಬಿಡಿಸಿಕೊಂಡದ್ದನ್ನು ನಾನಂತೂ ನೋಡಿಲ್ಲ.

ಒಂದು ಬಗೆ ಸಾಲದೆಂದು ಷಡ್ಡಕ ಮೂರು ಬಗೆ ಕೊಟ್ಟ. ಒಂದು ಎಣ್ಣೆ ತುಂಬಿದ ಗೋಲಿಯಂಥ ಕ್ಯಾಪ್ಸೂಲು, ಒಂದು ನೀರಿಗೆ ಹಾಕಿದರೆ ಬುಸ್ಸೆನ್ನುವ ಬಿಲ್ಲೆ, ಇನ್ನೊಂದು ಕ್ಯಾರೆಟ್ ಬಣ್ಣದ ಮಾತ್ರೆ. ಎಲ್ಲವುಗಳ ಮೇಲೂ ದಿನಕ್ಕೊಂದು ಎಂದು ಬರೆದಿತ್ತು. ಅದನ್ನು ಓದಿ ನನಗೆ ನಗು ಬಂತು. ಒಂದೇ ಕೋಟಿನಲ್ಲಿ ಯಾವ ಕಬ್ಬಿಣ ಉಳಿದಿದೆ? ಇದನ್ನು ಬರೆದವರು ಜನ್ಮದಲ್ಲಿ ಬ್ರಷ್ ಹಿಡಿದವರಲ್ಲವೆಂದು ತೀರ್ಮಾನಿಸಿದೆ. ಬೆಳಿಗ್ಗೆ ಎರಡು ಕೋಟು, ಸಂಜೆ ಎರಡು ಕೋಟು ಎಂದು ನನ್ನದೇ ವಿಧಿ ರೂಪಿಸಿಕೊಂಡೆ. ಹೆಚ್ಚು ತೇವವಿದ್ದ ದಿನ ಮಧ್ಯಾಹ್ನವೂ ಒಂದು ಟಚಪ್ ಕೊಡುತ್ತಿದ್ದೆ. ಸೀಸೆಗಳನ್ನು ಶೆಡ್ಡಿನಲ್ಲಿ ಒಂದು ಖಾಲಿ ಪ್ರೈಮರ್ ಡಬ್ಬಿಯೊಳಗೇ ಇಟ್ಟೆ. ಅದಕ್ಕಿಂತ ಯೋಗ್ಯವಾದ ಜಾಗ ಇನ್ನೆಲ್ಲಿ?

ಇಷ್ಟಾದ ಮೇಲೆ ಕ್ರೀಮ್ ಬನ್ನಿಗೆ ಹೆದರುವ ಅಗತ್ಯವೇ ಉಳಿಯಲಿಲ್ಲ. ಪ್ರೈಮರ್ ಹೊಡೆದ ಗೇಟು ಮಳೆಗೆ ಹೆದರುತ್ತದೆಯೇ? ಬೆಳಿಗ್ಗೆ ವಾಕಿಂಗ್ ಬೂಟು ಬಿಗಿದು, ಕೈ ಬೀಸುತ್ತಾ ಬೀದಿಯ ತಿರುವಿನವರೆಗೆ ಮಹಾ ಉತ್ಸಾಹದಿಂದ ಹೋಗುತ್ತಿದ್ದೆ. ತಿರುವು ದಾಟಿದರೆ ಬೇಕರಿಯ ಬೆಂಚು. ಅಲ್ಲಿ ಕೂತು ಬಿಸಿ ಬನ್ನು ಎರಡು ಹೋಳು ಮಾಡಿ, ಕ್ರೀಮಿನ ಕಡೆಯದನ್ನು ಕೊನೆಗೆ ಉಳಿಸಿಕೊಂಡು, ಪಾರ್ಕಿನ ಸುತ್ತ ಓಡಾಡುವ ಅಜ್ಞಾನಿಗಳನ್ನು ಕನಿಕರದಿಂದ ನೋಡುತ್ತಿದ್ದೆ. ಹೊರಡುವ ಮುಂಚೆ ಪಾರ್ಕಿನ ನಲ್ಲಿಯಲ್ಲಿ ಕತ್ತು, ಬೆನ್ನು, ಕಂಕುಳಿಗೆ ನೀರು ಚಿಮುಕಿಸಿಕೊಂಡರೆ ಬೆವರೂ ತಯಾರು. (ಆ ಬೆವರಿನಲ್ಲಿ ಉಪ್ಪಿಲ್ಲವೆಂದು ಹೆಂಡತಿ ನೆಕ್ಕಿ ನೋಡುವ ಸಂಭವವಿರಲಿಲ್ಲ.)

“ಪರವಾಗಿಲ್ಲ ರೀ, ನೀವು ಇಷ್ಟು ನಿಯತ್ತಾಗಿ ಮಾಡ್ತೀರಿ ಅಂದ್ಕೊಂಡಿರಲಿಲ್ಲ,” ಎಂದು ಅವಳು ನನ್ನ ಒದ್ದೆ ಬೆನ್ನಿಗೆ ಟವೆಲ್ ಕೊಟ್ಟಳು.

“ಏನು ಮಾಡೋದು, ನಿನ್ನ ಸಮಾಧಾನಕ್ಕೆ,” ಎಂದೆ.

“ಬೆಲ್ಟು ಮಾತ್ರ ಯಾಕೋ ಮುಂದಿನ ತೂತಿಗೆ ಹೋಗಿದೆ.”

“ಬೆಲ್ಟಿನ ಚರ್ಮ ಕುಗ್ಗಿರಬೇಕು. ಬೆವರು ನೋಡು.”

ಹೀಗೆ ನನ್ನ ಸಂಸಾರರಥ ಸುಖವಾಗಿ ಸಾಗುತ್ತಿರುವಾಗ ಒಂದು ದಿನ ನನ್ನ ಅಂಗೈಗಳು ಹಳದಿಯಾದವು. ಹಳದಿ ಎಂದರೂ ಸರಿಯಲ್ಲ, ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಗೋಲ್ಡನ್ ಯೆಲ್ಲೋಗೆ ಒಂದು ಚಮಚ ಕಿತ್ತಳೆ ಬೆರೆಸಿದಂತೆ. ಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಬಣ್ಣದವನ ಕೈಗೆ ಬಣ್ಣವಾಗದೆ ಇನ್ನೇನಾಗಬೇಕು? ಥಿನ್ನರ್ ಹಾಕಿ ಉಜ್ಜಿದೆ, ಹೋಗಲಿಲ್ಲ. ಸೀಮೆಎಣ್ಣೆ ಹಾಕಿದೆ, ಉಪ್ಪುಕಾಗದ ಉಜ್ಜಿದೆ. ಕೈ ಉರಿಯಿತೇ ಹೊರತು ಬಣ್ಣ ಕದಲಲಿಲ್ಲ. ಇಷ್ಟು ಗಟ್ಟಿಯಾಗಿ ಕೂರುವ ಬಣ್ಣ ಯಾವ ಕಂಪನಿಯದೆಂದು ಡಬ್ಬಿಗಳನ್ನೆಲ್ಲ ತಿರುಗಿಸಿ ನೋಡಿದೆ. ಸಿಕ್ಕಿದ್ದರೆ ಅದನ್ನೇ ತರಿಸಬೇಕೆಂದಿದ್ದೆ.

ಸಂಜೆ ಹೆಂಡತಿ ಟೀ ಲೋಟ ಕೊಡುವಾಗ ಕೈ ಮುಂದೆ ಮಾಡಿದೆ. ಲೋಟ ಅವಳ ಕೈಯಲ್ಲೇ ನಿಂತಿತು.

“ಕೈ ತೋರಿಸಿ.”

“ಪೇಂಟು ಕಣೇ.”

“ಇನ್ನೊಂದು.”

ಅದನ್ನೂ ತೋರಿಸಿದೆ. ಅವಳು ಲೋಟ ಮೇಜಿನ ಮೇಲಿಟ್ಟು, ನನ್ನ ಎರಡೂ ಅಂಗೈಗಳನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಅವಳ ಬೆರಳುಗಳು ತಣ್ಣಗಾಗಿದ್ದವು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬೈಯದೆ ಸುಮ್ಮನಿದ್ದದ್ದು ನನಗೆ ನೆನಪಿಲ್ಲ. ಕಾರಿನ ಕೀಲಿ ತೆಗೆದುಕೊಂಡಳು. ದಾರಿಯುದ್ದಕ್ಕೂ ಅವಳು ಒಂದು ಸಿಗ್ನಲಿನಲ್ಲೂ ನನ್ನ ಕಡೆ ತಿರುಗಲಿಲ್ಲ. ನನಗೆ ಮೊದಲ ಸಲ ಭಯವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ದೀಪ ಬಿಟ್ಟು ನೋಡಿದರು.

“ಕಣ್ಣು ಬಿಳಿಯಾಗೇ ಇದೆ. ಇದು ಕಾಮಾಲೆ ಅಲ್ಲ,” ಎಂದರು.

ಹೆಂಡತಿ ಅಲ್ಲಿಯವರೆಗೂ ನಿಂತೇ ಇದ್ದವಳು ಕುರ್ಚಿಯ ಮೇಲೆ ಕೂತಳು.

“ಕ್ಯಾರೆಟ್ ಬಹಳ ತಿಂತೀರಾ?”

“ಕ್ಯಾರೆಟ್ ಕಂಡ್ರೆ ಮುಖ ತಿರುಗಿಸ್ತಾರೆ ಡಾಕ್ಟ್ರೇ,” ಎಂದು ನನ್ನ ಪರವಾಗಿ ಹೆಂಡತಿಯೇ ಉತ್ತರ ಕೊಟ್ಟಳು.

“ಹಾಗಾದ್ರೆ ಆ ಬಣ್ಣದ ಮಾತ್ರೆ ಏನಾದ್ರೂ?”

ನಾನು ಗೋಡೆಯ ಮೇಲಿದ್ದ ಹಲ್ಲಿನ ಚಿತ್ರವನ್ನು ಆಸಕ್ತಿಯಿಂದ ನೋಡತೊಡಗಿದೆ. ಡಾಕ್ಟರಮ್ಮ ಕಾದರು. ಹೆಂಡತಿಯೂ ಕಾದಳು. ಇಬ್ಬರು ಹೆಂಗಸರು ಒಟ್ಟಿಗೆ ಸುಮ್ಮನಿದ್ದರೆ ಅದನ್ನು ತಡೆದುಕೊಳ್ಳುವ ಗಂಡಸು ಇನ್ನೂ ಹುಟ್ಟಿಲ್ಲ. ಮೂರು ಸೀಸೆ, ಎರಡೆರಡು ಕೋಟು, ಮಧ್ಯಾಹ್ನದ ಟಚಪ್ಪು, ಎಲ್ಲ ಹೇಳಿಬಿಟ್ಟೆ. ಹೇಳಿದ ಮೇಲೆ, ಇದರ ಹಿಂದಿರುವ ಶಾಸ್ತ್ರವನ್ನೂ ತಿಳಿಸುವುದು ನನ್ನ ಕರ್ತವ್ಯವೆನಿಸಿ ತುಕ್ಕಿನ ಬಗ್ಗೆ ಒಂದು ಚಿಕ್ಕ ಉಪನ್ಯಾಸ ಕೊಟ್ಟೆ.

ಡಾಕ್ಟರಮ್ಮ ಕೊನೆಯವರೆಗೂ ಕೇಳಿದರು. “ನೋಡಿ, ಈ ಆಂಟಿ ಆಕ್ಸಿಡೆಂಟ್ ಅನ್ನೋದು ವಿಷ ಅಲ್ಲ. ಹಣ್ಣು ತರಕಾರೀಲಿ ಇರತ್ತೆ, ಅಷ್ಟು ಮೈಗೆ ಬೇಕು. ನಿಮ್ಮ ಆ ಎಣ್ಣೆ ಕ್ಯಾಪ್ಸೂಲಿನಂಥದ್ದನ್ನ ಕೆಲವು ಲಿವರ್ ರೋಗಿಗಳಿಗೆ ನಾವೇ ನೋಡಿಕೊಂಡು ಕೊಡೋದೂ ಇದೆ. ಆದರೆ ಅವರವರೇ ಮನಸ್ಸಿಗೆ ಬಂದಷ್ಟು ನುಂಗೋದು ಬೇರೆ. ಮೈಯೊಳಗೆ ಆ ಆಕ್ಸಿಡೇಶನ್ನಿಗೂ ಒಂದು ಕೆಲಸ ಇದೆ. ಕೆಟ್ಟು ಹೋದ ಜೀವಕೋಶ ಸಾಯೋದಕ್ಕೆ ಅದೂ ಒಂದು ಕಾರಣ. ನೀವು ಹೊರಗಿಂದ ರಾಶಿ ರಾಶಿ ಕವಚ ಕಳಿಸಿದ್ರೆ ಒಳ್ಳೇ ಜೀವಕೋಶ ಮಾತ್ರ ತೊಟ್ಟುಕೊಳ್ಳತ್ತೆ ಅಂತ ಏನು ಖಾತ್ರಿ? ಕೆಟ್ಟದ್ದೂ ತೊಟ್ಟುಕೊಂಡು ಬದುಕಿ ಗಡ್ಡೆ ಆಗಬಹುದಾ ಅನ್ನೋ ಅನುಮಾನ ಇದೆ. ಇಲಿಗಳಲ್ಲಿ ಅಂಥ ಸೂಚನೆ ಸಿಕ್ಕಿದೆ. ಮನುಷ್ಯರ ವಿಷಯ ಇನ್ನೂ ತೀರ್ಮಾನ ಆಗಿಲ್ಲ.”

“ನಾನು ಇಲಿ ಅಲ್ಲವಲ್ಲ ಡಾಕ್ಟ್ರೇ,” ಎಂದೆ.

“ಕದ್ದು ತಿನ್ನೋದರಲ್ಲಿ ವ್ಯತ್ಯಾಸ ಏನೂ ಕಾಣಲ್ಲ,” ಎಂದಳು ಹೆಂಡತಿ. ಆಮೇಲೆ ಪೂರ್ತಿ ನನ್ನ ಕಡೆ ತಿರುಗಿದಳು. “ರೀ, ಹೋದ ವಾರ ನಿಮ್ಮ ಹೊಸ ಕೆಲಸದವನು ತುಕ್ಕು ಕೆರೆಯದೆ ಮೇಲೆ ಪ್ರೈಮರ್ ಬಳಿದ ಅಂತ ಇಡೀ ಬೀದಿಗೆ ಕೇಳೋ ಹಾಗೆ ಬೈದಿರಲ್ಲ, ಏನಂತ ಬೈದಿರಿ?”

ನಾನು ಮತ್ತೆ ಹಲ್ಲಿನ ಚಿತ್ರ ನೋಡಿದೆ.

“ಹೇಳಿ, ಡಾಕ್ಟ್ರು ಕೇಳಲಿ.”

“ಒಳಗಿರೋ ತುಕ್ಕಿಗೆ ಕೋಟು ಹೊದಿಸಿ ಬೆಚ್ಚಗೆ ಸಾಕ್ತಿದೀಯಾ ಅಂತ,” ಎಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನನಗೆ ಇಷ್ಟು ಚೆನ್ನಾಗಿ ಹೇಳೋಕೆ ಬರ್ತಿರಲಿಲ್ಲ. ನಿಮ್ಮ ವಿಷಯದಲ್ಲಿ ಕೆರೆಯೋದು ಅಂದ್ರೆ ತೂಕ ಇಳಿಸೋದು, ನಡೆಯೋದು, ಸಿಹಿ ಬಿಡೋದು. ಅದನ್ನ ಮಾಡದೆ ಯಾವ ಮಾತ್ರೆ ಬಳಿದೂ ಪ್ರಯೋಜನ ಇಲ್ಲ. ಬನ್ನಿ, ಸ್ಕ್ಯಾನ್ ನೋಡೋಣ.”

ಸ್ಕ್ಯಾನಿನ ಕೋಣೆಯಲ್ಲಿ ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಬಳಿದರು. (ಒಂದೇ ಕೋಟು. ನಾನು ಏನೂ ಹೇಳಲಿಲ್ಲ.) ಡಾಕ್ಟರಮ್ಮ ಕೈಯಲ್ಲಿದ್ದ ಸ್ಕ್ಯಾನಿನ ಸಾಧನವನ್ನು ಹೊಟ್ಟೆಯ ಮೇಲೆ ಅತ್ತಿತ್ತ ಓಡಾಡಿಸಿ ಬಲ ಪಕ್ಕೆಯ ಕೆಳಗೆ ನಿಲ್ಲಿಸಿದರು. ಉಸಿರು ಹಿಡೀರಿ ಎಂದರು. ಬಿಡಿ ಎಂದರು. ಅದೇ ಜಾಗಕ್ಕೆ ವಾಪಸು ಬಂದು ಮತ್ತೆ ಹಿಡೀರಿ ಎಂದರು. ಅವರ ಹುಬ್ಬು ಸ್ವಲ್ಪ ಗಂಟಾಯಿತು.

“ಲಿವರ್ ಪೂರ್ತಿ ಬೆಳ್ಳಗೆ ಹೊಳೀತಿದೆ. ಕೊಬ್ಬು ಕಡಿಮೆ ಆಗೋದಿರಲಿ, ಹೆಚ್ಚೇ ಆಗಿದೆ. ಅದರ ನಡುವೆ, ಪಿತ್ತಕೋಶದ ಪಕ್ಕ, ಕಪ್ಪಗೆ ಒಂದು ಮಚ್ಚೆ ಕಾಣ್ತಿದೆ. ಇಂಥ ಜಾಗದಲ್ಲಿ ಇದು ಸಾಮಾನ್ಯವಾಗಿ ಹೆದರೋ ಅಂಥದ್ದಲ್ಲ. ಆದ್ರೂ ಮುಂದಿನ ವಾರ ದೊಡ್ಡ ಸ್ಕ್ಯಾನ್ ಮಾಡಿಸಿ ಖಾತ್ರಿ ಮಾಡಿಕೊಂಡು ಬಿಡೋಣ.”

ಹೆದರುವಂಥದ್ದಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ನಾವಿಬ್ಬರೂ ಕೇಳಿಸಿಕೊಂಡದ್ದು ಕಪ್ಪು ಮಚ್ಚೆಯನ್ನು ಮಾತ್ರ.

ಆ ವಾರ ನಮ್ಮ ಮನೆಯಲ್ಲಿ ಎಂದೂ ಇಲ್ಲದ ಶಾಂತಿ ನೆಲೆಸಿತು. ಮನೆಗೆ ಬಂದರೆ ಬೈಗುಳ ಬೀಳುತ್ತದೆಂದು ಸಿದ್ಧನಾಗಿದ್ದೆ, ಬೀಳಲಿಲ್ಲ. ನಲ್ಲಿ ನೀರಿನ ಬೆವರಿನ ಗುಟ್ಟನ್ನು ನಾನಾಗಿಯೇ ಒಪ್ಪಿಕೊಂಡೆ, ಆಗಲೂ ಬೀಳಲಿಲ್ಲ. ಟೀವಿಯ ರಿಮೋಟು ನನ್ನ ಕೈಗೆ ಬಂತು. ಊಟದ ಮೇಜಿನಲ್ಲಿ ಪರೀಕ್ಷೆಗೆಂದೇ ಬೆಣ್ಣೆಯ ಡಬ್ಬಿಗೆ ಎರಡನೇ ಸಲ ಕೈ ಚಾಚಿ, ಹೆಬ್ಬೆರಳು ಬಿಗಿ ಹಿಡಿದು ಕಾದೆ. ಏನೂ ಆಗಲಿಲ್ಲ. ಬೆಣ್ಣೆ ಹಚ್ಚಿಕೊಳ್ಳದೆ ಡಬ್ಬಿ ಮುಚ್ಚಿಟ್ಟೆ.

ಮರುದಿನ ಅವಳು ಕೆಲಸದಿಂದ ಬರುತ್ತಾ ಬೇಕರಿಯ ಪೊಟ್ಟಣ ತಂದಳು. ತಟ್ಟೆಗೆ ಕ್ರೀಮ್ ಬನ್ ಹಾಕಿ, “ತಿನ್ನಿ, ನಿಮಗಿಷ್ಟ ಅಲ್ವಾ,” ಎಂದಳು.

ಅಲ್ಲಿಯವರೆಗೆ ನನಗೆ ಸ್ವಲ್ಪ ಧೈರ್ಯವಿತ್ತು. ಆ ಬನ್ ನೋಡಿದ ಮೇಲೆ ನಾನು ಉಳಿಯುವುದಿಲ್ಲವೆಂದು ಖಚಿತವಾಯಿತು. ಇಷ್ಟು ದಿನ ಕದ್ದು ತಿಂದಾಗ ಅಮೃತದಂತಿದ್ದದ್ದು ಈಗ ಬಾಯಲ್ಲಿ ಹತ್ತಿಯಂತೆ ತಿರುಗಿತು. ಅರ್ಧಕ್ಕೇ ಬಿಟ್ಟು ತಟ್ಟೆ ಸರಿಸಿದೆ. ಅವಳು ತಟ್ಟೆ ತೆಗೆಯಲು ಬಂದವಳು ಅಲ್ಲೇ ನಿಂತಳು.

“ಅಪ್ಪನ ಕಣ್ಣು ಹಳದಿ ಆದಾಗ ಏನೂ ಮಾಡೋಕಾಗಲಿಲ್ಲ ರೀ,” ಎಂದಳು. “ಪಕ್ಕದಲ್ಲೇ ಕೂತಿದ್ದೆ, ಗಾಡಿ ಹೋಗ್ತಾ ಇತ್ತು, ನನ್ನ ಕಡೆ ಬ್ರೇಕ್ ಇರಲಿಲ್ಲ. ಅದಕ್ಕೇ ನಿಮ್ಮ ವಿಷಯದಲ್ಲಿ ಒತ್ತಿ ಒತ್ತಿ ಸಾಯ್ತೀನಿ. ನಿಮಗೆ ಅದು ಕಿರಿಕಿರಿ.”

ನನಗೆ ಅಳು ಬಂತು. ಇದನ್ನು ಅಲಂಕಾರ ಮಾಡಿ ಹೇಳುವ ಅಗತ್ಯವಿಲ್ಲ; ಅಡುಗೆಮನೆಯಲ್ಲಿ ನಿಂತು ಇಬ್ಬರೂ ಅತ್ತೆವು. ನನ್ನ ಜಾಣತನ ಯಾರಿಗೆ ಮೋಸ ಮಾಡುತ್ತಿತ್ತೆಂದು ಆಗ ಹೊಳೆಯಿತು, ತುಂಬಾ ನಾಚಿಕೆಯಾಯಿತು.

ಷಡ್ಡಕನೂ ಸುದ್ದಿ ತಿಳಿದು ನೋಡಲು ಬಂದ. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡು ಕೂತಿದ್ದ. ಹೊರಡುವಾಗ ತಗ್ಗಿದ ದನಿಯಲ್ಲಿ, “ಸೀಲು ಒಡೆಯದ ಸೀಸೆ ಏನಾದ್ರೂ ಉಳಿದಿದ್ರೆ ಕೊಟ್ಟಿರಪ್ಪಾ, ಕಂಪನಿಯೋರು ವಾಪಸು ತಗೋತಾರೆ,” ಎಂದ. ಹೆಂಡತಿ ಆ ವಾರ ಮೊದಲ ಸಲ ದನಿ ಏರಿಸಿದ್ದು ಆಗಲೇ. ಭಾವ ಎಂಬ ಮರ್ಯಾದೆಯನ್ನೂ ನೋಡದೆ ಅವಳು ಹೇಳಿದ ಮಾತುಗಳನ್ನು ಕೇಳಿ ನನಗೆ ಎಷ್ಟೋ ಹಾಯೆನಿಸಿತು. ಅವನ ಕಾರು ಆ ದಿನ ಡಿಕ್ಕಿ ಸರಿಯಾಗಿ ಮುಚ್ಚದೆಯೇ ತಿರುವು ದಾಟಿತು.

ದೊಡ್ಡ ಸ್ಕ್ಯಾನಿನ ದಿನ ಆಸ್ಪತ್ರೆಯ ಹಜಾರ ಕಿಕ್ಕಿರಿದಿತ್ತು. ಸ್ಕ್ಯಾನು ಮುಗಿಸಿ ಫಲಿತಾಂಶಕ್ಕೆ ಕಾಯುತ್ತಾ ಕೂತಿದ್ದೆವು. ಭಯದಲ್ಲಿ ಮನುಷ್ಯನಿಗೆ ಭಾಷಣ ಮಾಡುವ ಚಟ ಬರುತ್ತದೆಯೋ ಏನೋ, ನಾನು ಎದ್ದು ನಿಂತು ಹೆಂಡತಿಯ ಎರಡೂ ಕೈ ಹಿಡಿದುಕೊಂಡೆ. “ಇದೊಂದು ಏನೂ ಅಲ್ಲ ಅಂತ ಆಗಲಿ. ಜೀವ ಇರೋವರೆಗೂ ನೀನು ಏನು ಹೇಳಿದ್ರೂ ಮಾಡ್ತೀನಿ. ಒಂದು ಎದುರು ಮಾತೂ ಆಡಲ್ಲ. ಇವರೆಲ್ಲ ಸಾಕ್ಷಿ,” ಎಂದೆ. ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬಾತ ಚಪ್ಪಾಳೆ ತಟ್ಟಿದ. ಒಬ್ಬ ಹೆಂಗಸು ತನ್ನ ಗಂಡನನ್ನು ಮೊಣಕೈಯಿಂದ ತಿವಿದು ನನ್ನನ್ನು ತೋರಿಸಿದಳು.

ಒಳಗೆ ಡಾಕ್ಟರಮ್ಮ ಚಿತ್ರವನ್ನು ಬೆಳಕಿನ ಹಲಗೆಯ ಮೇಲೆ ಸಿಕ್ಕಿಸಿ ನಿಂತಿದ್ದರು. ಮುಖದಲ್ಲಿ ಏನೋ ತಡೆದುಕೊಳ್ಳುತ್ತಿರುವಂತಿತ್ತು. ನಾನು ಅದನ್ನು ದುಃಖವೆಂದು ತಿಳಿದು ಹೆಂಡತಿಯ ಭುಜ ಹಿಡಿದೆ.

“ಇದು ಗಡ್ಡೆ ಅಲ್ಲ,” ಎಂದರು.

“ಮತ್ತೆ ಆ ಕಪ್ಪು ಮಚ್ಚೆ?” ಎಂದು ಹೆಂಡತಿ ಕೇಳಿದಳು.

“ಅದಾ? ಅದು ನಿಮ್ಮ ಯಜಮಾನರ ಲಿವರಿನಲ್ಲಿ ಕೊಬ್ಬು ಸೇರದೆ ಉಳಿದಿರೋ ಜಾಗ. ಸುತ್ತಮುತ್ತ ಎಲ್ಲಾ ಕೊಬ್ಬು ತುಂಬಿ ಬೆಳ್ಳಗಾಗಿರೋದಕ್ಕೆ ಆರೋಗ್ಯವಾಗಿರೋ ಭಾಗ ಕಪ್ಪಗೆ ಕಂಡಿದೆ.” ಬೆರಳಿನಿಂದ ಆ ಚಿಕ್ಕ ಜಾಗವನ್ನು ಮುಟ್ಟಿ ತೋರಿಸಿದರು. “ನೆಟ್ಟಗಿರೋದು ಇದೊಂದೇ. ನೀವು ಇಡೀ ವಾರ ಇದಕ್ಕೆ ಹೆದರಿದ್ದೀರಿ. ಹೆದರಬೇಕಾದ್ದು ಇದನ್ನ ಬಿಟ್ಟು ಉಳಿದದ್ದಕ್ಕೆ.”

ನನ್ನ ಹೆಂಡತಿ ನಗತೊಡಗಿದಳು. ಕುರ್ಚಿಯ ಹಿಡಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಬಿದ್ದು ಬಿದ್ದು ನಕ್ಕಳು. ಡಾಕ್ಟರಮ್ಮನೂ ತಡೆದುಕೊಂಡಿದ್ದನ್ನು ಬಿಟ್ಟರು. ನಾನು ಮಾತ್ರ ಬೆಳಕಿನ ಹಲಗೆಯ ಮೇಲಿನ ಆ ಪುಟ್ಟ ಕಪ್ಪು ಜಾಗವನ್ನು ನೋಡುತ್ತಾ ನಿಂತಿದ್ದೆ. ನನ್ನ ಎಲ್ಲ ಬನ್ನುಗಳನ್ನೂ ಎಲ್ಲ ಕೋಟುಗಳನ್ನೂ ತಪ್ಪಿಸಿಕೊಂಡು, ಪಿತ್ತಕೋಶದ ಮರೆಯಲ್ಲಿ ಅದೊಂದು ಹೇಗೋ ಬದುಕಿಕೊಂಡಿತ್ತು. ಅದರ ಮೇಲೆ ನನಗೆ ಪ್ರೀತಿಯೇ ಬಂತು.

ಸಂತೋಷದ ಭರದಲ್ಲಿ ನಾನು ಹಜಾರದಲ್ಲಿ ಕೊಟ್ಟ ಮಾತು ಮರೆತಿದ್ದೆ. ಅವಳು ಮರೆತಿರಲಿಲ್ಲ.

“ನಿಮ್ಮನ್ನ ಒಬ್ಬರನ್ನೇ ವಾಕಿಂಗಿಗೆ ಬಿಡೋ ಹಾಗಿಲ್ಲ,” ಎಂದಳು ಮನೆಗೆ ಬಂದಮೇಲೆ. “ನನಗೆ ಬೆಳಿಗ್ಗೆ ಕ್ಲಾಸಿರತ್ತೆ. ಅದಕ್ಕೆ ಒಂದು ಏರ್ಪಾಟು ಮಾಡಿದೀನಿ.”

ಏರ್ಪಾಟು ಏನೆಂದು ಮರುದಿನ ಡ್ರೈವಿಂಗ್ ಸ್ಕೂಲಿನ ಮೈದಾನದಲ್ಲಿ ತಿಳಿಯಿತು. ಹೊಸದಾಗಿ ಕಲಿಯುವವರಿಗೆ ಮೊದಲು ಕಲಿಸುವುದು ಗಾಡಿಯನ್ನು ನಡಿಗೆಯ ವೇಗದಲ್ಲಿ, ನಿಲ್ಲಿಸದೆ, ನುಗ್ಗಿಸದೆ ತೆವಳಿಸುವುದನ್ನು. ಅದಕ್ಕೆ ಮುಂದೆ ಒಂದು ನಡೆಯುವ ವಸ್ತು ಬೇಕು. ಆ ವಸ್ತು ನಾನು. ನಾನು ಮೈದಾನದ ಸುತ್ತ ಬಿರುಸಾಗಿ ನಡೆಯಬೇಕು. ನನ್ನ ಹಿಂದೆ ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದ ಒಬ್ಬೊಬ್ಬರೇ ಬರಬೇಕು. ಪಕ್ಕದಲ್ಲಿ ಇವಳು ಕೂತಿರುತ್ತಾಳೆ. ನಾನು ದಣಿದು ನಿಧಾನವಾದರೆ ಬಂಪರು ಹಿಂದಿನಿಂದ ಹತ್ತಿರ ಬರುವ ಸದ್ದು ಕೇಳುತ್ತದೆ. ಆಗ ಬರುವ ಬೆವರು ಯಾವ ನಲ್ಲಿಯದೂ ಅಲ್ಲ.

“ಅವರನ್ನೇ ನೋಡ್ತಾ ಬನ್ನಿ,” ಎಂದು ಕಿಟಕಿಯಿಂದ ಅವಳ ದನಿ ಕೇಳುತ್ತದೆ. “ಹೆದರಬೇಡಿ, ಅವರು ನಮ್ಮ ಮನೆಯವರೇ. ನಿಂತರೆ ಹಾರ್ನ್ ಹೊಡೀರಿ.”

ತಿಂಗಳುಗಳು ಕಳೆದ ಮೇಲೆ ಡಾಕ್ಟರಮ್ಮ ಮತ್ತೆ ಸ್ಕ್ಯಾನ್ ಮಾಡಿ, ಕೊಬ್ಬು ಇಳಿಯುತ್ತಿದೆ, ಕಪ್ಪು ಜಾಗಕ್ಕೂ ಉಳಿದದ್ದಕ್ಕೂ ಈಗ ಅಷ್ಟು ವ್ಯತ್ಯಾಸ ಕಾಣುವುದಿಲ್ಲ ಎಂದರು. ಹೆಂಡತಿ ಕಣ್ಣೊರೆಸಿಕೊಂಡಳು. ಅವಳ ಮನಸ್ಸು ಮೆತ್ತಗಿರುವ ಹೊತ್ತು ನೋಡಿ, ಕಾರಿನಲ್ಲಿ ವಾಪಸು ಬರುವಾಗ ಮೆಲ್ಲಗೆ ವಿಷಯ ತೆಗೆದೆ.

“ಇನ್ನು ಆ ಮೈದಾನದ್ದು ಸಾಕು ಮಾಡೋಣ್ವಾ? ಕಾರು ಕಲಿಯೋರೆಲ್ಲ ನನ್ನ ಬೆನ್ನು ನೋಡಿ ನೋಡಿ, ಬೀದೀಲಿ ಸಿಕ್ಕಾಗ ಮುಖ ಗುರುತು ಹಿಡಿಯಲ್ಲ.”

“ಸಾಕು ಮಾಡೋಣ ರೀ,” ಎಂದಳು ತಕ್ಷಣ. “ಕಾರಿನವರ ಬ್ಯಾಚು ಹೇಗೂ ಈ ವಾರಕ್ಕೆ ಮುಗೀತಿದೆ.”

ಇಷ್ಟು ಸುಲಭವಾಗಿ ಬಿಡುಗಡೆ ಸಿಕ್ಕಿದ್ದಕ್ಕೆ ನನಗೆ ಅವಳ ಮೇಲೆ ಅಪಾರ ಪ್ರೀತಿ ಉಕ್ಕಿತು. ಅವಳು ಗೇರ್ ಬದಲಿಸಿ, ಕನ್ನಡಿ ನೋಡಿ, ತಿರುವಿಗೆ ಇಂಡಿಕೇಟರ್ ಹಾಕಿದಳು.

“ಸೋಮವಾರದಿಂದ ಲಾರಿಯವರು,” ಎಂದಳು.

ಲಾರಿ ಕಲಿಸುವುದಕ್ಕೂ ಇವಳಿಗೆ ಲೈಸೆನ್ಸ್ ಇದೆಯೆಂಬುದು ನನಗೆ ಗೊತ್ತಾದದ್ದೇ ಆಗ.